ಫೋಟೊ ಮಸುಕಾಗಿ ಬಂದರೆ ‘ನಾರ್ಮಲ್’ ಅಂತ ಬರೆಯಬೇಡಿ

ನಾನು ಒಂದು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟಾಫ್ ನರ್ಸ್. ಬಿಪಿ, ಸಕ್ಕರೆ ಕಾಯಿಲೆಯಂಥವಕ್ಕೆ ನಡೆಯುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಸಕ್ಕರೆ) ಜೊತೆಗೆ ಸಕ್ಕರೆ ಕಾಯಿಲೆಯವರ ಫಂಡಸ್ ಫೋಟೊ, ಅಂದರೆ ಕಣ್ಣಿನ ಒಳಪರದೆಯ (ರೆಟಿನಾ) ಫೋಟೊ ತೆಗೆಯುವುದೂ ನನ್ನ ಕೆಲಸವೇ. ಒಂದು ಕೇಸ್ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ರೇಷ್ಮೆ ಸಾಕುವ ಮನೆಯ ಹೆಂಗಸು, ಐವತ್ತು ದಾಟಿದವರು. ಮಾತ್ರೆಗೆ ಬಂದಿದ್ದರು. ಹುಳು ನಾಲ್ಕನೇ ಜ್ವರ (ಚರ್ಮ ಕಳಚುವ ಹಂತ) ಎದ್ದಿವೆ, ಸೊಪ್ಪು ಹಾಕಬೇಕು, “ಕಣ್ಣು ಮುಂದಿನ ತಿಂಗಳು ನೋಡಿದರಾಯ್ತು ಬಿಡಿ ಸಿಸ್ಟರ್” ಅಂದರು. ಎರಡು ನಿಮಿಷ ಬನ್ನಿ ಅಕ್ಕ ಅಂತ ಕರೆದು ಕೂರಿಸಿದೆ.

ಬಲಗಣ್ಣು ಚೆನ್ನಾಗಿ ಬಂತು. ಅಲ್ಲಲ್ಲಿ ರಕ್ತದ ಚುಕ್ಕಿ ಇದ್ದವು. ಎಡಗಣ್ಣು ಬರೀ ಬೂದು. ಫ್ಲ್ಯಾಶ್ ಬಿದ್ದ ಮೇಲೆ ಪಾಪೆ ಕುಗ್ಗುತ್ತದೆ, ಕತ್ತಲಲ್ಲಿ ಸ್ವಲ್ಪ ಹೊತ್ತು ಬಿಡಬೇಕು. ಬಿಟ್ಟು ಮತ್ತೆ ತೆಗೆದೆ. ಅದೇ ಬೂದು. ಪೊರೆ ಇರಬೇಕು ಅಂದುಕೊಂಡೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಸಿ ಚಾರ್ಟ್ ತೋರಿಸಿದರೆ ಮೇಲಿನ ದೊಡ್ಡ ಅಕ್ಷರವೂ ಕಾಣಲಿಲ್ಲ.

ಪಾಪೆ ದೊಡ್ಡದಾಗಲು ಡ್ರಾಪ್ಸ್ ಹಾಕಬೇಕು ಅಂದ ತಕ್ಷಣ ಎದ್ದೇ ನಿಂತರು. ನಾಲ್ಕೈದು ಗಂಟೆ ಕಣ್ಣು ಮಂಜಾದರೆ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುವುದು ಹೇಗೆ? ಅವರ ಮಾತೂ ಸರಿ. ಹೊರಗೆ ಕ್ಯೂ ಬೆಳೆಯುತ್ತಿತ್ತು, ಕಳಿಸಿಬಿಟ್ಟರೆ ಮತ್ತೆ ಬರುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ. ಕೊನೆಗೆ ನಮ್ಮ ಡಾಕ್ಟರು, ಎಂಓ ಮೇಡಂ ಬಂದು, ಮಗನಿಗೆ ಫೋನ್ ಮಾಡಿಸಿ, ಹುಳುಮನೆ ಕೆಲಸ ಅವನಿಗೆ ಒಪ್ಪಿಸಿದ ಮೇಲೆ ಕೂತರು. ಟಾರ್ಚ್ ಹಾಕಿ ನೋಡಿ ಟ್ರೋಪಿಕಮೈಡ್ ಡ್ರಾಪ್ಸ್ ಹಾಕಿದೆವು, ಅರ್ಧ ಗಂಟೆ ಕಾದೆವು. ಪಾಪೆ ದೊಡ್ಡದಾಯಿತು, ಫೋಟೊ ಹಾಗೇ.

ಯಾವಾಗಿನಿಂದ ಹೀಗೆ ಅಂತ ಮೇಡಂ ಕೇಳಿದರು. “ಒಂದಿನ ಬೆಳಗ್ಗೆ ಎದ್ದಾಗ ಜೇಡರ ಬಲೆ ಥರ ಬಂತು, ಆಮೇಲೆ ಹೊಗೆ ಕಟ್ಟಿತು.” ಪೊರೆ ಹಾಗೆ ಒಂದೇ ದಿನಕ್ಕೆ ಬರುವುದಿಲ್ಲ, ಅಲ್ವಾ? ಅವತ್ತೇ ಜಿಲ್ಲಾಸ್ಪತ್ರೆಗೆ ಬರೆದರು. ಅಲ್ಲಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ಕಣ್ಣೊಳಗೆ ರಕ್ತ. ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ಹೊಸದಾಗಿ ಬೆಳೆದ ದುರ್ಬಲ ರಕ್ತನಾಳ ಒಡೆದಿತ್ತು. ಬಲಗಣ್ಣಿಗೂ ಲೇಸರ್ ಬೇಕಾಯಿತು. ಎಡಗಣ್ಣಿಗೆ ಆಪರೇಷನ್.

ನನಗೆ ತುಂಬಾ ನೋವಾದದ್ದು ಅವರ ಪುಸ್ತಕ ನೋಡಿ. ಹಿಂದಿನ ವರ್ಷದ ಕ್ಯಾಂಪಿನಲ್ಲಿ ‘ಕಣ್ಣು ನಾರ್ಮಲ್’ ಅಂತ ಬರೆದಿದ್ದರು. ಎರಡೂ ಕಣ್ಣು ತೆರೆದು ಚಾರ್ಟ್ ಓದಿಸಿದ್ದಷ್ಟೇ. ಆ ಒಂದು ಪದವನ್ನು ನಂಬಿಕೊಂಡು ಅವರು ಹೊಗೆ ಕಟ್ಟಿದ ಕಣ್ಣಿನಲ್ಲೇ ತಿಂಗಳುಗಟ್ಟಲೆ ಸುಮ್ನೆ ಇದ್ದರು. ಈ ಕಾಯಿಲೆಯಲ್ಲಿ ಚಾರ್ಟ್ ಸರಿಯಾಗಿ (6/6) ಓದುವವರ ರೆಟಿನಾ ಕೂಡ ಕೆಟ್ಟಿರಬಹುದು. ಅದಕ್ಕೇ ಟೈಪ್ 2 ಸಕ್ಕರೆ ಕಾಯಿಲೆ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೆಟಿನಾ ನೋಡಬೇಕು ಅನ್ನುವುದು. ಬೇಗ ಸಿಕ್ಕರೆ ಲೇಸರ್, ಇಂಜೆಕ್ಷನ್‌ನಿಂದ ಇರುವ ದೃಷ್ಟಿ ಉಳಿಸಬಹುದು. ಹೋದದ್ದನ್ನು ಪೂರ್ತಿ ತರುವುದು ಕಷ್ಟ.

ಇನ್ನು ಫೋಟೊ ತೆಗೆದ ಮೇಲೆ ತುಂಬುವ ರಿಪೋರ್ಟ್ ಫಾರ್ಮ್. ಪ್ರತಿ ಕಣ್ಣಿಗೆ ಎರಡೇ ಆಯ್ಕೆ: ನಾರ್ಮಲ್, ಇಲ್ಲವೇ ಕಾಯಿಲೆ ಇದೆ. ಡೇಟಾ ಎಂಟ್ರಿ ಹುಡುಗ “ಏನೂ ಕಾಣದ ಫೋಟೊಗೆ ಕಾಯಿಲೆ ಅಂತ ಹೇಗೆ ಹಾಕೋದು ಸಿಸ್ಟರ್, ನಾರ್ಮಲ್ ಹಾಕಲಾ?” ಅಂತ ಕೇಳಿದ. ತಪ್ಪು ಅವನದಲ್ಲ. ಟಾರ್ಗೆಟ್ ಲೆಕ್ಕದಲ್ಲಿ ಮಸುಕು ಫೋಟೊವೂ ‘ತಪಾಸಣೆ ಆಗಿದೆ’ ಅಂತ ಸೇರುತ್ತದೆ. ಇಂಗ್ಲೆಂಡಿನ ಸ್ಕ್ರೀನಿಂಗ್‌ನಲ್ಲಿ ಫೋಟೊ ಓದಲು ಆಗದಿದ್ದರೆ ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣು ನೋಡುವ ಮೈಕ್ರೋಸ್ಕೋಪ್) ನೋಡುತ್ತಾರೆ, ಹಾಗೇ ಬಿಡುವುದಿಲ್ಲ. ನಮ್ಮಲ್ಲೂ ಅಂಥವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಲೇಬೇಕು. ಕ್ಯಾಮೆರಾಗೆ ಅಡ್ಡ ಬಂದದ್ದು ಪೊರೆಯೋ ರಕ್ತವೋ ಅಂತ ನಾವು ಇಲ್ಲಿ ಕೂತು ಊಹಿಸುವುದು ಬೇಡ.

ತಾಲ್ಲೂಕು ಮೀಟಿಂಗ್‌ನಲ್ಲಿ ‘ಫೋಟೊ ಬರಲಿಲ್ಲ’ ಅಂತ ಮೂರನೇ ಆಯ್ಕೆ ಕೊಡಿ ಅಂತ ಕೇಳಿದೆವು. ಬರೆದು ಕೊಡಿ ಅಂದರು, ಕೊಟ್ಟಿದ್ದೇವೆ. ಸದ್ಯಕ್ಕೆ ರಿಜಿಸ್ಟರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದು, ಕಳಿಸಿದವರು ಆಸ್ಪತ್ರೆಗೆ ಹೋದರಾ ಅಂತ ಆಶಾ ಹತ್ತಿರ ವಿಚಾರಿಸುತ್ತಿದ್ದೇನೆ. ನಿಮ್ಮ ಕಡೆ ಫಾರ್ಮಿನಲ್ಲಿ ಅಂಥ ಆಯ್ಕೆ ಇದ್ದರೆ ಹೇಳಿ, ಮುಂದಿನ ಮೀಟಿಂಗ್‌ನಲ್ಲಿ ತೋರಿಸುತ್ತೇನೆ.