ಬಿಳಿ ಅಂಬಾಸಿಡರ್, ಹತ್ತು ಸ್ಟಡ್ ಅಗಲ

ಪ್ಲಾಸ್ಟಿಕ್ ತುಂಡು ಜೋಡಿಸಿ ಕಟ್ಟುವ ಆಟಿಕೆ ಮಾಡುವ ಲೆಗೋದವರು 2014ರಲ್ಲಿ ಮಿನಿ ಕೂಪರ್ ಕಾರಿನ ಸೆಟ್ ತಂದರು. 2016ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಬಂತು. 2020ರಲ್ಲಿ ಹಳದಿ ಬಣ್ಣದ ಪುಟಾಣಿ ಫಿಯಟ್ 500. ಮೂರೂ ಚೆಂದ. ಮೂರೂ ಆ ಕಡೆಯವರ ಅಪ್ಪ, ತಾತಂದಿರು ಓಡಿಸಿದ ಕಾರುಗಳು. ನಮ್ಮ ಅಂಬಾಸಿಡರ್ ಮಾತ್ರ ಆ ಸಾಲಿನಲ್ಲಿ ಇಲ್ಲ. ಅದಕ್ಕೆ ನನಗೆ ಯಾರ ಮೇಲೂ ಕೋಪ ಇಲ್ಲ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಕೂತು ಡಿಸೈನ್ ಮಾಡುವವರಿಗೆ, ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ತಿರುಪತಿಗೆ ಒಂದೇ ಕಾರಲ್ಲಿ ಒಂಬತ್ತು ಜನ ಹೋಗುತ್ತಿದ್ದದ್ದು ಹೇಗೆ ಗೊತ್ತಾಗಬೇಕು? ಅದು ಗೊತ್ತಿರೋದು ನಮಗೆ. ಹಾಗಾಗಿ ಕಟ್ಟಬೇಕಾದವರೂ ನಾವೇ.

ನಾನು ಕೋಲಾರದವಳು. ನರಸಾಪುರ ಕಡೆ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಇಡೀ ದಿನ ವರ್ನಿಯರ್, ಗೇಜು, ಮೈಕ್ರೋಮೀಟರ್ ಜೊತೆ. ರಾತ್ರಿ ಊಟ ಆದಮೇಲೆ ಚಾಪೆ ಹಾಸಿ, ಮೇಲೆ ಒಂದು ಬಿಳಿ ಪಂಚೆ ಹರಡಿ ಬ್ರಿಕ್, ಅಂದ್ರೆ ಲೆಗೋ ತುಂಡುಗಳನ್ನು, ಸುರಿದುಕೊಂಡು ಕೂರುತ್ತೇನೆ. ಪಂಚೆ ಯಾಕೆ ಅಂದ್ರೆ, ಎದ್ದೇಳುವಾಗ ನಾಲ್ಕು ಮೂಲೆ ಹಿಡಿದು ಎತ್ತಿದರೆ ಒಂದು ತುಂಡೂ ಕಳೆಯಲ್ಲ. ಪೆಟ್ಟಿಗೆಯಲ್ಲಿ ಬರುವ ಪುಸ್ತಕ ನೋಡಿ ಕಟ್ಟುವುದು ಬೇರೆ. ಪುಸ್ತಕವೇ ಇಲ್ಲದೆ, ಸ್ವಂತ ಯೋಚನೆಯಲ್ಲಿ ಕಟ್ಟಿದ್ದಕ್ಕೆ ಈ ಹವ್ಯಾಸದವರು ಎಂಓಸಿ ಅನ್ನುತ್ತಾರೆ. ಮೈ ಓನ್ ಕ್ರಿಯೇಷನ್. ಕಾರುಗಳ ಎಂಓಸಿ ಮಾಡುವವರು ಪ್ರಪಂಚದ ತುಂಬಾ ಇದ್ದಾರೆ.

ಅವರಲ್ಲಿ ಕೆಲವರು ಮಾಡಿದ್ದು ನೋಡಿದರೆ ಬಾಯಿ ಕಟ್ಟಿಹೋಗುತ್ತೆ. 2013ರಲ್ಲಿ ರೊಮೇನಿಯಾದ ರಾವುಲ್ ಒಯ್ಡಾ ಮತ್ತು ಆಸ್ಟ್ರೇಲಿಯಾದ ಸ್ಟೀವ್ ಸಮಾರ್ಟಿನೊ ಸೇರಿ ಐದು ಲಕ್ಷಕ್ಕೂ ಜಾಸ್ತಿ ತುಂಡುಗಳಿಂದ, ಮನುಷ್ಯರು ಕೂತು ಓಡಿಸುವಂಥ ಕಾರನ್ನೇ ಕಟ್ಟಿದರು. ಪೆಟ್ರೋಲ್ ಇಲ್ಲ, ಒತ್ತಿ ತುಂಬಿದ ಗಾಳಿಯಲ್ಲಿ ಓಡುವ ಎಂಜಿನ್. ಅದರಲ್ಲಿ 256 ಪಿಸ್ಟನ್, ಅವೂ ಲೆಗೋದವೇ. ಆಮೇಲೆ 2018ರಲ್ಲಿ ಕಂಪನಿಯವರೇ ಹತ್ತು ಲಕ್ಷಕ್ಕೂ ಮೀರಿದ ತುಂಡುಗಳಲ್ಲಿ ನಿಜ ಗಾತ್ರದ ಬುಗಾಟಿ ಶಿರಾನ್ ಮಾಡಿ ಓಡಿಸಿದರು. 2,304 ಮೋಟಾರು. ದೊಡ್ಡ ಕೆಲಸ, ಒಪ್ಪಿದೆ. ಆದರೆ ನನಗೆ ಇಷ್ಟ ಆಗೋದು ಬ್ರಿಟನ್ನಿನ ಕಾರ್ಲ್ ಗ್ರೇಟ್ರಿಕ್ಸ್ ಕಟ್ಟಿದ ಕೇಟರ್‌ಹ್ಯಾಮ್ ಸೆವೆನ್ ಥರದ್ದು. ಎರಡು ಕೈಯಲ್ಲಿ ಎತ್ತಿ ಹಿಡಿಯೋ ಕಾರು. ಅಭಿಮಾನಿಗಳು ತಮ್ಮ ವಿನ್ಯಾಸ ಹಾಕಿ ಜನರ ಬೆಂಬಲ ಕೇಳುವ ಲೆಗೋ ಐಡಿಯಾಸ್ ಜಾಲತಾಣದಲ್ಲಿ 10,000 ಜನ ಬೆಂಬಲ ಕೊಟ್ಟು, 2016ರಲ್ಲಿ ಅದು 771 ತುಂಡಿನ ಸೆಟ್ ಆಗಿ ಅಂಗಡಿಗೇ ಬಂತು. ಒಬ್ಬ ಅಭಿಮಾನಿ ತನ್ನ ಮೇಜಿನ ಮೇಲೆ ಕಟ್ಟಿದ್ದು ಅಲ್ಲಿವರೆಗೂ ಹೋಯಿತು.

ನನ್ನ ಆಸೆ ಅಷ್ಟು ದೂರದ್ದಲ್ಲ. ಅಂಬಾಸಿಡರ್ ಓಡಿಸಿದವರು, ರಿಪೇರಿ ಮಾಡಿದವರು ನೋಡಿ "ಹೌದು, ಇದೇ" ಅನ್ನಬೇಕು. ಅಷ್ಟೇ.

ಮೊದಲು ಅಳತೆ. ಈ ಕೆಲಸದಲ್ಲಿ ಟೈರಿನಿಂದಲೇ ಶುರು ಮಾಡಬೇಕು, ಯಾಕಂದ್ರೆ ಟೈರು ನಮಗೆ ಬೇಕಾದ ಸೈಜಿನಲ್ಲಿ ಸಿಗಲ್ಲ. ಇರೋದರಲ್ಲೇ ಆರಿಸಬೇಕು. ಟೇಕಲ್ ರಸ್ತೆಯಲ್ಲಿ ನಮ್ಮ ಚಿಕ್ಕಪ್ಪನ ಟಿಂಕರಿಂಗ್ ಶೆಡ್ ಇದೆ. ಅಲ್ಲಿ ಮೂಲೆಯಲ್ಲಿ ಒಂದು ಹಳೇ ಅಂಬಾಸಿಡರ್ ನಿಂತಿದೆ. ಟೇಪ್ ಹಿಡಿದು ಅದರ ಟೈರು ಅಳೆದೆ. ಹೊರಗಿಂದ ಹೊರಗೆ ಸುಮಾರು 65 ಸೆಂಟಿಮೀಟರ್. ನನ್ನ ಹತ್ತಿರ ಇದ್ದ ಲೆಗೋ ಟೈರಿನ ವ್ಯಾಸ 30.4 ಮಿಲಿಮೀಟರ್. ಭಾಗಿಸಿದರೆ ಸುಮಾರು ಇಪ್ಪತ್ತೊಂದೂವರೆಗೆ ಒಂದು.

ಇನ್ನು ಉಳಿದದ್ದೆಲ್ಲ ಈ ಒಂದು ಸಂಖ್ಯೆಯಿಂದ ಬರುತ್ತೆ. ಬ್ರಿಕ್ ಮೇಲಿರುವ ಗುಂಡನೆಯ ಗುಬ್ಬಿಗೆ ಸ್ಟಡ್ ಅಂತಾರೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿ.ಮೀ. ಅಂಬಾಸಿಡರ್ ಅಗಲ 1,662 ಮಿ.ಮೀ. ಇಪ್ಪತ್ತೊಂದೂವರೆಯಿಂದ ಭಾಗಿಸಿದರೆ ಹತ್ತು ಸ್ಟಡ್‌ಗೆ ಸ್ವಲ್ಪ ಕಮ್ಮಿ. ಉದ್ದ 4,325 ಮಿ.ಮೀ., ಅಂದ್ರೆ ಇಪ್ಪತ್ತೈದು ಸ್ಟಡ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,464 ಮಿ.ಮೀ. ಅದು ಹದಿನಾಲ್ಕು. ಇಷ್ಟು ಸರಿಯಾಗಿ ಕೂತದ್ದು ನೋಡಿ ನನಗೆ ಅವತ್ತು ನಿದ್ದೆಯೇ ಬರಲಿಲ್ಲ. ಹೆಡ್‌ಲೈಟ್ ಲೆಕ್ಕ ಅಂತೂ ಇನ್ನೂ ಖುಷಿ. ಏಳು ಇಂಚಿನ ಗುಂಡು ಹೆಡ್‌ಲೈಟ್ ಈ ಅಳತೆಯಲ್ಲಿ ಹೆಚ್ಚುಕಮ್ಮಿ ಒಂದು ಸ್ಟಡ್ ಆಗುತ್ತೆ. ಒಂದು ಪಾರದರ್ಶಕ ಗುಂಡು ತುಂಡು ಹಾಕಿದರೆ ಮುಗೀತು.

ಮುಗಿಯದೇ ಇದ್ದದ್ದು ಮಡ್‌ಗಾರ್ಡ್.

ಬ್ರಿಕ್ ಅನ್ನೋದು ಚೌಕ. ಅಂಬಾಸಿಡರ್‌ನಲ್ಲಿ ಚೌಕ ಅನ್ನೋದು ನಂಬರ್ ಪ್ಲೇಟ್ ಬಿಟ್ಟರೆ ಇನ್ನೆಲ್ಲೂ ಇಲ್ಲ. ಮೊದಲ ಸಲ ಕಟ್ಟಿದ ಮುಂಭಾಗವನ್ನು ಚಿಕ್ಕಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿಕೊಂಡು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮಡ್‌ಗಾರ್ಡ್ ಮೇಲೆ ಸವರಿದರು. ಶೆಡ್‌ನಲ್ಲಿ ಪುಟ್ಟಿ ಹಾಕಿ ಉಜ್ಜಿದ ಮೇಲೆ ಅವರು ಹಾಗೇ ನೋಡೋದು, ಅಂಗೈಯಿಂದ. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತೆ.

"ಇದಕ್ಕೆ ಹೊಟ್ಟೇನೇ ಇಲ್ವಲ್ಲಮ್ಮ" ಅಂದರು. "ಇದು ಫಿಯಟ್ ಥರ ಆಯ್ತು. ಅಂಬಾಸಿಡರ್ ಮಡ್‌ಗಾರ್ಡು ಮುಂದೆ ಉಬ್ಬಿ, ಹಂಗೇ ಜಾರ್ಕೊಂಡು ಬಂದು ಬಾಗಿಲ ಹತ್ರ ಕರಗಬೇಕು. ಇಲ್ನೋಡು, ಇಲ್ಲಿ ಒಂದೇ ಸಲ ನಿಂತ್ಬಿಟ್ಟಿದೆ."

ಹಾಗಂತ ಹೇಳಿ ಮೂಲೆಯಲ್ಲಿ ನಿಂತ ಕಾರಿನ ಹತ್ತಿರ ಕರೆದುಕೊಂಡು ಹೋದರು. ನನ್ನ ಅಂಗೈಯನ್ನು ಹೆಡ್‌ಲೈಟ್ ಪಕ್ಕ ಇಡಿಸಿ, ಬಾಗಿಲ ತನಕ ನಿಧಾನವಾಗಿ ಎಳೆಸಿದರು. ಆ ತಗಡಿನ ಇಳಿಜಾರು ಎಲ್ಲಿ ಕಮ್ಮಿ ಆಗುತ್ತೆ, ಎಲ್ಲಿ ಪೂರ್ತಿ ಇಲ್ಲವಾಗುತ್ತೆ ಅನ್ನೋದು ಅವತ್ತು ಕೈಗೆ ಗೊತ್ತಾಯಿತು. ಫೋಟೋದಲ್ಲಿ ಇದು ಕಾಣಲ್ಲ.

ಇದನ್ನು ಬ್ರಿಕ್‌ನಲ್ಲಿ ತರೋದು ಹೇಗೆ? ಇಲ್ಲಿ ಒಂದು ಲೆಕ್ಕ ಸಹಾಯಕ್ಕೆ ಬರುತ್ತೆ. ಲೆಗೋದ ತೆಳು ತುಂಡಿಗೆ ಪ್ಲೇಟ್ ಅಂತಾರೆ, ದಪ್ಪ 3.2 ಮಿ.ಮೀ. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್‌ನ ಎತ್ತರ, 9.6. ಐದು ಪ್ಲೇಟ್ ಒಂದರ ಮೇಲೊಂದು ಇಟ್ಟರೆ 16 ಮಿ.ಮೀ., ಅಂದ್ರೆ ಸರಿಯಾಗಿ ಎರಡು ಸ್ಟಡ್ ಅಗಲ. ಇದರಿಂದ ಏನಾಗುತ್ತೆ ಅಂದ್ರೆ, ತುಂಡುಗಳನ್ನು ಪಕ್ಕಕ್ಕೆ ಮಲಗಿಸಿ ಕಟ್ಟಿದರೂ ನೆಟ್ಟಗೆ ಕಟ್ಟಿದ ಭಾಗದ ಜೊತೆ ಸಂದು ಬಿಡದೆ ಕೂರುತ್ತವೆ. ಒಳ್ಳೆಯ ಎಂಓಸಿ ಕಾರುಗಳ ಗುಟ್ಟೆಲ್ಲ ಬಹುಪಾಲು ಇದೇ. ಹೊರಗಿಂದ ನೋಡಿದರೆ ನುಣ್ಣಗೆ, ಒಳಗೆ ನೋಡಿದರೆ ಒಂದೊಂದು ತುಂಡು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತೆ.

ಹಾಗಾಗಿ ನಡುವಿನ ಬಾಡಿಯನ್ನು ಎಂಟು ಸ್ಟಡ್ ಅಗಲಕ್ಕೆ ಇಳಿಸಿದೆ. ಎಡಕ್ಕೊಂದು ಬಲಕ್ಕೊಂದು ಸ್ಟಡ್ ಜಾಗ ಮಡ್‌ಗಾರ್ಡಿಗೇ ಮೀಸಲು. ಅಲ್ಲಿ ಬಾಗಿದ ಸ್ಲೋಪ್ ತುಂಡುಗಳನ್ನು ಬ್ರಾಕೆಟ್ ಹಾಕಿ ಅಡ್ಡಲಾಗಿ ಕೂರಿಸಿದೆ. ಮುಂದೆ ದಪ್ಪ, ಹಿಂದೆ ಹೋಗ್ತಾ ತೆಳು. ಬಾಗಿಲ ಹತ್ತಿರ ಅರ್ಧ ಸ್ಟಡ್ ಒಳಗೆ ಸರಿಸಬೇಕಿತ್ತು. ಅದಕ್ಕೆ ನಡುವೆ ಒಂದೇ ಸ್ಟಡ್ ಇರುವ ಜಂಪರ್ ಪ್ಲೇಟ್ ಇದೆ, 4 ಮಿ.ಮೀ. ಸರಿಯುತ್ತೆ. ಹೆಡ್‌ಲೈಟ್‌ಗೆ ಪಕ್ಕದಲ್ಲಿ ಸ್ಟಡ್ ಇರುವ ಪುಟ್ಟ ಬ್ರಿಕ್ ಸಿಗುತ್ತೆ. ಅದರ ಹೆಸರೇ ಹೆಡ್‌ಲೈಟ್ ಬ್ರಿಕ್. ಅದು ಮಡ್‌ಗಾರ್ಡಿನ ಮೂತಿಯಲ್ಲಿ ಕೂತ ಮೇಲೆ ಕಾರಿಗೆ ಮುಖ ಬಂತು.

ಮತ್ತೆ ತೋರಿಸಿದೆ. ಮತ್ತೆ ಹೆಬ್ಬೆರಳು. ಈ ಸಲ ಚಿಕ್ಕಪ್ಪ ಏನೂ ಹೇಳಲಿಲ್ಲ. ಟೀ ತರಿಸಿದರು. ಪಕ್ಕದ ಶೆಡ್‌ನವರನ್ನು ಕೂಗಿ ಕರೆದರು.

ಬಣ್ಣದ ವಿಷಯ ಅವರೇ ಬಗೆಹರಿಸಿದ್ದು. ಬಿಳಿ ಅಂಬಾಸಿಡರ್ ಕಟ್ಟೋದು ಸುಲಭ ಅನ್ನಿಸಬಹುದು, ಬಿಳಿ ತುಂಡು ಎಲ್ಲ ಆಕಾರದಲ್ಲೂ ಸಿಗುತ್ತಲ್ಲ. ಆದರೆ ನನ್ನ ತುಂಡುಗಳಲ್ಲಿ ಅರ್ಧಕ್ಕೂ ಜಾಸ್ತಿ ಹಳೇವು, ಬೇರೆಯವರ ಮಕ್ಕಳು ಆಡಿ ಬಿಟ್ಟದ್ದನ್ನು ಕೊಂಡದ್ದು. ಹೊಸದು ಕೊಳ್ಳೋಕೆ ಹೋದರೆ ಸಂಬಳ ಸಾಲಲ್ಲ. ಬಿಳಿ ಎಬಿಎಸ್ ಪ್ಲಾಸ್ಟಿಕ್ ಬಿಸಿಲು ತಿಂದರೆ ಹಳದಿಗೆ ತಿರುಗುತ್ತೆ. ಹಿಡಿತ ಮಾತ್ರ ಹಾಗೇ ಇರುತ್ತೆ. 1958ರ ಜನವರಿಯಲ್ಲಿ ಪೇಟೆಂಟ್‌ಗೆ ಹಾಕಿದ, ಬ್ರಿಕ್‌ನ ಒಳಗೆ ಸ್ಟಡ್‌ಗಳನ್ನು ಕಚ್ಚಿ ಹಿಡಿಯುವ ಕೊಳವೆಯ ವಿನ್ಯಾಸ ಇವತ್ತಿಗೂ ಬದಲಾಗಿಲ್ಲ, ಅವತ್ತಿನ ಬ್ರಿಕ್‌ಗೆ ಇವತ್ತಿನದು ಕೂರುತ್ತೆ. ಬಣ್ಣ ಮಾತ್ರ ಎರಡು ಥರ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತೆ, ಎಷ್ಟೋ ಜನ ಹಾಗೆ ಮಾಡುತ್ತಾರೆ. ಚಿಕ್ಕಪ್ಪ ಬೇಡ ಅಂದರು.

"ಯಾವ ಟ್ಯಾಕ್ಸಿ ಪೂರ್ತಿ ಒಂದೇ ಬಿಳಿ ಇತ್ತು ಹೇಳು? ಡಿಕ್ಕಿಗೆ ಯಾರೋ ಗುದ್ದಿರ್ತಾರೆ, ಅದಕ್ಕೊಂದು ಪೇಂಟು. ಎಡಗಡೆ ಹಿಂದಿನ ಬಾಗಿಲು ಕಂಬಕ್ಕೆ ಒರೆಸಿರುತ್ತೆ, ಅದಕ್ಕೊಂದು ಪೇಂಟು. ಎಷ್ಟು ಮಿಕ್ಸ್ ಮಾಡಿದ್ರೂ ಹಳೇ ಬಿಳಿ ಬರಲ್ಲಮ್ಮ."

ಅವರು ಹೇಳಿದ ಹಾಗೇ ಹಾಕಿದೆ. ಡಿಕ್ಕಿ ಮತ್ತು ಎಡಗಡೆಯ ಹಿಂದಿನ ಬಾಗಿಲಿಗೆ ಹೊಸ ಬಿಳಿ. ಉಳಿದ ಬಾಡಿಗೆಲ್ಲ ಹಳದಿ ತಿರುಗಿದ್ದು. ಬಲ್ಬಿನ ಬೆಳಕಲ್ಲಿ ವ್ಯತ್ಯಾಸ ಅಷ್ಟು ಕಾಣಲ್ಲ. ಹಗಲಲ್ಲಿ ಜಗಲಿ ಮೇಲೆ ಇಟ್ಟರೆ ಅದು ಬಾಡಿಗೆಗೆ ಓಡಿದ ಗಾಡಿ ಅಂತ ಯಾರಾದರೂ ಹೇಳಿಯಾರು.

ಒಳಗೆ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಗೇರ್ ಸ್ಟೇರಿಂಗ್ ಪಕ್ಕದಲ್ಲೇ ಇದ್ದದ್ದರಿಂದ ನಡುವೆ ಏನೂ ಅಡ್ಡ ಇರಲಿಲ್ಲ. ಮುಂದೆ ಮೂರು ಜನ, ಡ್ರೈವರ್ ಬಾಗಿಲಿಗೆ ಒರಗಿಕೊಂಡು. ಅದಕ್ಕೆ ನಾನು ಸೀಟನ್ನು ಈ ಬಾಗಿಲಿಂದ ಆ ಬಾಗಿಲಿಗೆ ಒಂದೇ ಟೈಲ್‌ನಲ್ಲಿ, ಅಂದ್ರೆ ಮೇಲೆ ಸ್ಟಡ್ ಇಲ್ಲದ ನುಣ್ಣನೆಯ ತುಂಡಿನಲ್ಲಿ, ಹಾಸಿದ್ದೇನೆ. ಗೇರ್ ಕಡ್ಡಿ ಒಂದು ಪುಟ್ಟ ಲಿವರ್. ಚಾವಣಿ ತೆಗೆದರೆ ಮಾತ್ರ ಕಾಣುತ್ತೆ. ಕಾಣಲಿ ಬಿಡಲಿ, ಅದು ಅಲ್ಲಿ ಇರಬೇಕು.

ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಟ್ಯಾಕ್ಸಿ ಓಡಿಸುತ್ತಿದ್ದ ಹಿರಿಯರೊಬ್ಬರು ಶೆಡ್‌ಗೆ ಬಂದಾಗ ಇದನ್ನು ನೋಡಿದರು. ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಮಟ್ಟಕ್ಕೆ ಎತ್ತಿದರು. ನಾನು ಮಡ್‌ಗಾರ್ಡ್ ನೋಡ್ತಾರೆ ಅಂದುಕೊಂಡೆ. ಅವರು ನೋಡಿದ್ದು ಹಿಂದಿನ ಚಕ್ರ.

"ಖಾಲಿ ಗಾಡಿನಾ ಇದು?" ಅಂದರು. "ಮೇಲೆ ಕ್ಯಾರಿಯರ್ ಇದೆ, ಲಗೇಜ್ ಇದೆ. ಹಂಗಾದ್ರೆ ಹಿಂದೆ ಕೂತಿರಬೇಕಲ್ಲವ್ವ. ಪಟ್ಟಾ ಅಲ್ವಾ ಹಿಂದೆ."

ಪಟ್ಟಾ ಅಂದ್ರೆ ಹಿಂದಿನ ಸಸ್ಪೆನ್ಷನ್ನಿನ ಉಕ್ಕಿನ ಪಟ್ಟಿಗಳು, ಲೀಫ್ ಸ್ಪ್ರಿಂಗ್. ತುಂಬಿದ ಅಂಬಾಸಿಡರ್ ಹಿಂದೆ ಇಳಿದು, ಮೂತಿ ಎತ್ತಿಕೊಂಡು ಹೋಗ್ತಾ ಇತ್ತು. ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೆ! ಹಿಂದಿನ ಆಕ್ಸಲ್ ಮೇಲಿನ ಒಂದು ಪ್ಲೇಟ್ ತೆಗೆದೆ. ಬರೀ 3.2 ಮಿ.ಮೀ. ನಿಜವಾದ ಕಾರಿನಲ್ಲಿ ಅದು ಏಳು ಸೆಂಟಿಮೀಟರ್ ಹತ್ತಿರ. ಅಷ್ಟರಲ್ಲೇ ಗಾಡಿ ತಿರುಪತಿಗೆ ಹೊರಟಿತು. ಹೀಗೆ ಹೇಳಿಕೊಡುವವರು ಇದ್ದಾಗಲೇ ಇವೆಲ್ಲ ಕಟ್ಟಿಬಿಡಬೇಕು ಅಂತ ನನಗೆ ಅವಸರ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಯಿತು. ಅಳತೆಗಳು ಎಲ್ಲಾದರೂ ಸಿಗುತ್ತವೆ. ಹಿಂದೆ ಎಷ್ಟು ಕೂರುತ್ತೆ ಅನ್ನೋದನ್ನು ಆ ಹಿರಿಯರನ್ನೇ ಕೇಳಬೇಕು.

ಕಟ್ಟೋಕೆ ಮುಂಚೆ ಕಂಪ್ಯೂಟರ್‌ನಲ್ಲಿ ಜೋಡಿಸಿ ನೋಡಬಹುದು. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಲ್‌ಡ್ರಾ ಅನ್ನೋ ಪ್ರೋಗ್ರಾಂ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಈಗ ಲೆಗೋ ತುಂಡು ಕೊಳ್ಳುವ, ಮಾರುವ ಜಾಲತಾಣವಾದ ಬ್ರಿಕ್‌ಲಿಂಕ್‌ನವರ ಸ್ಟುಡಿಯೋ ಅನ್ನೋ ಪ್ರೋಗ್ರಾಂ ಇದೆ, ಅದಕ್ಕೂ ದುಡ್ಡಿಲ್ಲ. ಯಾವ ತುಂಡು ಎಷ್ಟು ಬೇಕು ಅಂತ ಪಟ್ಟಿಯನ್ನೂ ಅದೇ ಕೊಡುತ್ತೆ. ಹೊಸದಾಗಿ ಶುರು ಮಾಡುವವರು ಅಲ್ಲಿಂದಲೇ ಮಾಡಿ, ಒಂದು ತುಂಡೂ ಕೊಳ್ಳದೆ ಇಡೀ ಕಾರು ಕಟ್ಟಬಹುದು. ನಾನು ಮಾತ್ರ ಮಡ್‌ಗಾರ್ಡ್ ಥರದ್ದನ್ನು ಕೈಯಲ್ಲೇ ಮಾಡ್ತೀನಿ. ಪರದೆ ಮೇಲೆ ಹೆಬ್ಬೆರಳು ಸವರೋಕಾಗಲ್ಲ.

ಈಗ ಟಾಟಾ 407 ಶುರು ಮಾಡಿದ್ದೇನೆ, ಟೊಮೇಟೊ ಕ್ರೇಟ್ ತುಂಬಿಕೊಂಡು ಎಪಿಎಂಸಿಗೆ ಹೋಗುವ ಗಾಡಿ. ಲೆಗೋದಲ್ಲಿ ಸಿಗುವ ಕ್ರೇಟ್ ಈ ಅಳತೆಗೆ ತೀರಾ ದೊಡ್ಡದು. ನಮ್ಮ ಮಾರುಕಟ್ಟೆಯ ಕ್ರೇಟ್ ಅಳೆದು ನೋಡಿದರೆ ಮೂರು ಸ್ಟಡ್ ಉದ್ದ, ಎರಡು ಸ್ಟಡ್ ಅಗಲಕ್ಕೆ ಬರುತ್ತೆ. ಸೀಳು ಸೀಳಾಗಿರುವ ಗ್ರಿಲ್ ಟೈಲ್‌ಗಳನ್ನು ನಿಲ್ಲಿಸಿ ಗೋಡೆ ಮಾಡಿದರೆ ಕ್ರೇಟ್ ಥರವೇ ಕಾಣುತ್ತೆ. ಆದರೆ ಒಂದೊಂದು ಕ್ರೇಟ್‌ಗೂ ಅಂಥ ಟೈಲ್ ತುಂಬಾ ಬೇಕು, ಗಾಡಿ ತುಂಬಾ ಕ್ರೇಟ್ ಬೇಕು. ನಡುವಿನವು ಯಾರಿಗೂ ಕಾಣಲ್ಲ, ಅಲ್ಲಿ ಬೇರೆ ಬ್ರಿಕ್ ತುಂಬಿದರಾಯಿತು. ಹೊರಗಿನ ಸಾಲಿಗೆ ಮಾತ್ರ ಗ್ರಿಲ್ ಟೈಲ್ ಬೇಕು. ನೀಲಿದು. ನಿಮ್ಮ ಮನೆಯಲ್ಲಿ ಮಕ್ಕಳು ಆಡದೆ ಬಿಟ್ಟಿದ್ದರೆ ಹೇಳಿ, ದುಡ್ಡು ಕೊಟ್ಟು ತಗೋತೀನಿ.