ಮೇಷ್ಟ್ರು ಕೋಳಿಯಂತೆ ಕೂಗಿದ್ದು ಎರಡು ಸಲ

1 ಏಪ್ರಿಲ್ 2026, ಬುಧವಾರ

1930ರಲ್ಲಿ ಇದೇ ದಿನ ಬರ್ಲಿನ್ನಿನ ಗ್ಲೋರಿಯಾ ಪಲಾಸ್ಟ್ ಚಿತ್ರಮಂದಿರದಲ್ಲಿ ‘ಬ್ಲೂ ಏಂಜೆಲ್’ ಮೊದಲ ಪ್ರದರ್ಶನ ಕಂಡಿತು. ಊಫಾ ಕಂಪನಿಯ ಚಿತ್ರ, ನಿರ್ಮಾಪಕ ಎರಿಕ್ ಪೊಮ್ಮರ್. ನಿರ್ದೇಶನಕ್ಕೆ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್‌ರನ್ನು ಹಾಲಿವುಡ್‌ನಿಂದ ಕರೆಸಿಕೊಂಡಿದ್ದರು. ನಾಯಕ ಎಮಿಲ್ ಯಾನಿಂಗ್ಸ್, ಶ್ರೇಷ್ಠ ನಟನಿಗೆಂದು ಕೊಟ್ಟ ಮೊಟ್ಟಮೊದಲ ಆಸ್ಕರ್ ಪಡೆದವರು. ಪ್ರದರ್ಶನ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಇದ್ದದ್ದು ಮಾತ್ರ ಮಾರ್ಲೀನ್ ಡೀಟ್ರಿಚ್ ಹೆಸರು. ಅದೇ ರಾತ್ರಿ ಆಕೆ ಅಮೆರಿಕಕ್ಕೆ ಹೊರಟುಬಿಟ್ಟರು.

ಒಬ್ಬ ಮರ್ಯಾದಸ್ಥ ಮೇಷ್ಟ್ರನ್ನು ಒಬ್ಬ ಹಾಡುಗಾತಿ ಹಾಳುಮಾಡಿದಳು ಎಂದು ಈ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಚಿತ್ರದ ಮೊದಲ ಕೆಲವೇ ನಿಮಿಷಗಳನ್ನು ಗಮನವಿಟ್ಟು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಇಮ್ಯಾನುಯೆಲ್ ರಾಟ್ ಗಿಮ್ನಾಜಿಯಂ ಎಂಬ ಪ್ರೌಢಶಾಲೆಯ ಮೇಷ್ಟ್ರು. ಆ ಕಾಲದ ಜರ್ಮನಿಯಲ್ಲಿ ಅಂಥ ಶಾಲೆಯ ಹಿರಿಯ ಶಿಕ್ಷಕರನ್ನೂ ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಹುಡುಗರು ಆ ಹೆಸರಿಗೆ ಎರಡಕ್ಷರ ಅಂಟಿಸಿ ‘ಉನ್‌ರಾಟ್’ ಎನ್ನುತ್ತಾರೆ, ಎಂದರೆ ಕಸ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮೇಷ್ಟ್ರು ಸಕ್ಕರೆ ತುಂಡು ಹಿಡಿದು, ಸಿಳ್ಳೆ ಹಾಕುತ್ತಾ ಪಂಜರದ ಹತ್ತಿರ ಹೋಗುತ್ತಾರೆ. ಉತ್ತರವಿಲ್ಲ, ಹಕ್ಕಿ ಸತ್ತಿದೆ. ಮನೆಗೆಲಸದಾಕೆ ಅದನ್ನು ತೆಗೆದುಕೊಂಡು, ಹೇಗೂ ಹಾಡುವುದನ್ನು ನಿಲ್ಲಿಸಿತ್ತಲ್ಲ ಎಂದು ಒಲೆಗೆ ಎಸೆಯುತ್ತಾಳೆ. ಡೀಟ್ರಿಚ್ ಮಾಡಿದ ಪಾತ್ರ, ಆ ಹಾಡುಗಾತಿ ಲೋಲಾ, ಇನ್ನೂ ಕಣ್ಣಿಗೆ ಬಿದ್ದಿಲ್ಲ. ಆ ಮನೆಯಲ್ಲಿ ಜೀವವಿದ್ದ ಕೊನೆಯ ವಸ್ತು ಆಗಲೇ ಬೂದಿಯಾಗಿದೆ. ಮುಂದೆ ಲೋಲಾಳ ಕೋಣೆಯಲ್ಲಿ ಮೇಷ್ಟ್ರು ಕಣ್ಣುಬಿಟ್ಟಾಗ ಅಲ್ಲಿನ ಪಂಜರದಲ್ಲಿ ಹಕ್ಕಿ ಹಾಡುತ್ತಿರುತ್ತದೆ. ಸ್ಟರ್ನ್‌ಬರ್ಗ್ ಈ ಎರಡು ಬೆಳಗನ್ನು ಎದುರುಬದುರು ಇಟ್ಟದ್ದು ಸುಮ್ಮನೆ ಅಲ್ಲ.

ಊರಿನ ಗಡಿಯಾರದ ಗಂಟೆ ನುಡಿಸುವ ರಾಗವೂ ಹಾಗೇ. ಜರ್ಮನ್ನರಿಗೆ ಅದು ‘ಸಾಯುವ ತನಕ ನಿಷ್ಠೆ, ಪ್ರಾಮಾಣಿಕತೆ ಬಿಡಬೇಡ’ ಎಂಬ ನೀತಿಹಾಡು. ಮೂಲದಲ್ಲಿ ಅದು ಮೊಜಾರ್ಟ್‌ನ ಗೀತನಾಟಕದಲ್ಲಿ ಹಕ್ಕಿ ಹಿಡಿಯುವ ಪಾಪಗೇನೋ ತನಗೊಬ್ಬಳು ಹೆಣ್ಣು ಬೇಕೆಂದು ಹಾಡುವ ರಾಗ. ಮೇಷ್ಟ್ರು ದಿನಾ ಶಾಲೆಗೆ ಹೆಜ್ಜೆ ಹಾಕುವುದು ಈ ಎರಡರ ತಾಳಕ್ಕೆ.

ನೋಡುವವರಿಗೆ ಒಂದು ಸಲಹೆ: ಕಣ್ಣಿನಷ್ಟೇ ಕಿವಿಯನ್ನೂ ತೆರೆದಿಡಿ. 1929ರ ಕೊನೆಯಲ್ಲಿ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಚಿತ್ರೀಕರಣ ಶುರುವಾದಾಗ ಮಾತಿನ ಚಿತ್ರ ಜರ್ಮನಿಗೆ ತೀರಾ ಹೊಸದು. ಬೇರೆಬೇರೆ ಶಬ್ದಗಳನ್ನು ಆಮೇಲೆ ಕೂತು ಬೆರೆಸುವ ಸೌಕರ್ಯ ಇನ್ನೂ ಬೆಳೆದಿರಲಿಲ್ಲ. ಸ್ಟರ್ನ್‌ಬರ್ಗ್ ಆ ಕೊರತೆಯನ್ನೇ ಉಪಾಯ ಮಾಡಿಕೊಂಡರು. ತರಗತಿಯಲ್ಲಿ ಮೇಷ್ಟ್ರು ಕಿಟಕಿ ತೆರೆದರೆ ಹೊರಗಿನ ಸಮೂಹಗಾನ ಒಳಗೆ ಬರುತ್ತದೆ, ಮುಚ್ಚಿದರೆ ಕತ್ತರಿಸಿದಂತೆ ನಿಲ್ಲುತ್ತದೆ. ಲೋಲಾ ಹಾಡುವ ಬ್ಲೂ ಏಂಜೆಲ್ ಎಂಬ ಕುಡಿತದ ಕುಣಿತದ ಅಡ್ಡೆಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕೋಣೆಯ ಬಾಗಿಲು ತೆರೆದಾಗಲೆಲ್ಲ ರಂಗದ ಗಲಾಟೆ ಭರ್ರನೆ ನುಗ್ಗುತ್ತದೆ, ಮುಚ್ಚಿದರೆ ಮೌನ. ಮೇಷ್ಟ್ರ ಪಾಲಿಗೆ ಲೋಕ ಇರುವುದೇ ಹೀಗೆ: ಒಂದೋ ಪೂರ್ತಿ ಮುಚ್ಚಿದ್ದು, ಇಲ್ಲವೇ ಪೂರ್ತಿ ತೆರೆದದ್ದು. ನಡುವಿನ ಸಂದು ಅವರಿಗೆ ಗೊತ್ತೇ ಇಲ್ಲ.

ಚಿತ್ರವನ್ನು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ತೆಗೆದಿದ್ದಾರೆ. ಡಬ್ಬಿಂಗ್ ಅಲ್ಲ, ಅದೇ ನಟರು ದೃಶ್ಯಗಳನ್ನು ಎರಡೆರಡು ಸಲ ಅಭಿನಯಿಸಿದ್ದಾರೆ. ನೋಡಬೇಕಾದದ್ದು ಜರ್ಮನ್ ಪ್ರತಿ. ಇಂಗ್ಲಿಷಿನಲ್ಲಿ ಯಾನಿಂಗ್ಸ್ ಮಾತು ಹುಡುಕುತ್ತಾ ತಡವರಿಸುತ್ತಾರೆ. ತರಗತಿಯನ್ನು ಒಂದು ಗದರಿಕೆಗೆ ಅಡಗಿಸಬೇಕಾದ ಮೇಷ್ಟ್ರೇ ತಡವರಿಸಿದರೆ ಬೀಳುವುದಕ್ಕೆ ಎತ್ತರವೇ ಇರುವುದಿಲ್ಲ.

2 ಏಪ್ರಿಲ್, ಗುರುವಾರ

ನಿನ್ನೆ ಬಿಟ್ಟದ್ದು ವಸ್ತುಗಳ ವಿಚಾರ. ಈ ಚಿತ್ರದಲ್ಲಿ ಪತನವನ್ನು ಮಾತಿಗಿಂತ ಹೆಚ್ಚಾಗಿ ವಸ್ತುಗಳೇ ಹೇಳುತ್ತವೆ.

ಅದರಲ್ಲಿ ಮುಖ್ಯವಾದದ್ದು ಲೋಲಾಳ ಫೋಟೋ ಕಾರ್ಡು. ಚಿತ್ರದ ಮೇಲೆ ಪುಕ್ಕದ ಲಂಗ ಅಂಟಿಸಿದೆ, ಊದಿದರೆ ಲಂಗ ಮೇಲೇಳುತ್ತದೆ. ಹುಡುಗರಿಂದ ಕಿತ್ತುಕೊಂಡ ಕಾರ್ಡನ್ನು ಮೇಷ್ಟ್ರು ಮನೆಯಲ್ಲಿ ಒಬ್ಬರೇ ಇದ್ದಾಗ ಊದಿ ನೋಡುತ್ತಾರೆ. ಮದುವೆಯಾದ ಮೇಲೆ ಲೋಲಾಳ ಪೆಟ್ಟಿಗೆಯಿಂದ ಅವೇ ಕಾರ್ಡುಗಳು ಚೆಲ್ಲಿದಾಗ, ನನ್ನ ಹತ್ತಿರ ಒಂದು ಕಾಸು ಇರುವ ತನಕ ಇವು ಮಾರಾಟವಾಗಕೂಡದು ಎಂದು ಗುಡುಗುತ್ತಾರೆ. ಇರಲಿ, ಜೊತೆಗಿಟ್ಟುಕೊಂಡಿರೋಣ ಎನ್ನುತ್ತಾಳೆ ಅವಳು. ಬೇಗನೇ ಮೇಷ್ಟ್ರೇ ಮೇಜಿನಿಂದ ಮೇಜಿಗೆ ಹೋಗಿ ಅವನ್ನು ಮಾರುತ್ತಿರುವುದನ್ನು ಕಾಣುತ್ತೇವೆ. ದುಡ್ಡು ಹೇಗೆ ಕರಗಿತು, ಯಾರು ಒತ್ತಾಯಿಸಿದರು ಎಂಬ ವಿವರಣೆಯಿಲ್ಲ, ಬೇಕಾಗಿಯೂ ಇಲ್ಲ.

ಇನ್ನೊಂದು, ಕೂದಲು ಸುರುಳಿ ಮಾಡುವ ಕಬ್ಬಿಣ. ಕಾಯಿಸಿದ ಕಬ್ಬಿಣದ ಬಿಸಿ ನೋಡಲು ಮೇಷ್ಟ್ರು ಕ್ಯಾಲೆಂಡರಿನ ಹಾಳೆ ಕಿತ್ತು ಅದಕ್ಕೆ ಒತ್ತುತ್ತಾರೆ. ಹಾಳೆ ಸುಟ್ಟು ಹೊಗೆಯಾಡುತ್ತದೆ. ಒಂದಾದ ಮೇಲೊಂದು ಹಾಳೆ ಹೋಗಿ 1929 ಬಂದುಬಿಡುತ್ತದೆ. ವರ್ಷಗಳು ಉರಿದದ್ದು ಹೆಂಡತಿಯ ಕೂದಲಿನ ಸೇವೆಯಲ್ಲಿ, ಅದೂ ಮೇಷ್ಟ್ರ ಕೈಯಾರೆ.

ಎಲ್ಲಕ್ಕಿಂತ ಕ್ರೂರವಾದದ್ದು ಮೊಟ್ಟೆ. ಮದುವೆಯ ಊಟದಲ್ಲಿ ತಂಡದ ಯಜಮಾನ, ಜಾದೂಗಾರ ಕೀಪರ್ಟ್, ವರನ ಮೂಗಿನಿಂದ ಮೊಟ್ಟೆ ತೆಗೆದು ತೋರಿಸುತ್ತಾನೆ. ವಧು ಹೇಂಟೆಯಂತೆ ಸದ್ದು ಮಾಡಿದರೆ ಮೇಷ್ಟ್ರು ಎದೆಯುಬ್ಬಿಸಿ ಹುಂಜದಂತೆ ಕೂಗುತ್ತಾರೆ. ಅದು ಸಂತೋಷದ ಕೂಗು. ವರ್ಷಗಳ ನಂತರ ತಂಡ ಅದೇ ಊರಿಗೆ ಮರಳುತ್ತದೆ. ಮೇಷ್ಟ್ರು ಈಗ ವಿದೂಷಕ. ಮುಖಕ್ಕೆ ಬಣ್ಣ, ತಲೆಗೆ ವಿಗ್ಗು, ಹುಸಿ ಮೂಗು. ಊರಿನವರೆಲ್ಲ ಟಿಕೆಟ್ ಕೊಂಡು ಬಂದಿರುವುದೇ ಹಳೆಯ ಮೇಷ್ಟ್ರನ್ನು ನೋಡಲು. ಕೀಪರ್ಟ್ ಅವರ ಹಣೆಗೆ ಮೊಟ್ಟೆ ಒಡೆದು, ಕೂಗು ಎನ್ನುತ್ತಾನೆ. ರಂಗದ ಪಕ್ಕದಲ್ಲಿ ಲೋಲಾ ಹೊಸಬ ಮಾಜೆಪ್ಪಾನ ತೋಳಿನಲ್ಲಿದ್ದಾಳೆ. ಆಗ ಬರುವ ಕೂಗು ಮನುಷ್ಯನದೂ ಅಲ್ಲ, ಕೋಳಿಯದೂ ಅಲ್ಲ. ಮೂಕಿ ಚಿತ್ರಗಳಲ್ಲಿ ಬೆಳೆದ ಯಾನಿಂಗ್ಸ್‌ರ ಅಭಿನಯ ಬೇರೆ ಕಡೆ ಭಾರವೆನಿಸಬಹುದು. ಇಲ್ಲಿ ಆ ಭಾರವೇ ಬೇಕಿತ್ತು.

ಲೋಲಾಳ ಪರವಾಗಿ ಒಂದು ಮಾತು ಹೇಳಲೇಬೇಕು. ಅವಳು ಸುಳ್ಳು ಹೇಳುವುದಿಲ್ಲ. ಫ್ರೀಡ್ರಿಖ್ ಹೊಲೆಂಡರ್ ಬರೆದ ಹಾಡಿನಲ್ಲಿ, ನಾನು ಅಡಿಯಿಂದ ಮುಡಿಯವರೆಗೆ ಪ್ರೀತಿಗೆಂದೇ ಇರುವವಳು, ಬೇರೇನೂ ನನಗೆ ಬರದು ಎಂದು ಮೊದಲೇ ಸಾರಿದ್ದಾಳೆ. ಮೇಷ್ಟ್ರು ಮದುವೆಯಾಗೋಣ ಎಂದಾಗ ಅವಳಿಗೆ ನಗು ತಡೆಯಲಾಗುವುದಿಲ್ಲ. ಆ ಮನುಷ್ಯನ ಹೆಸರು, ಹುದ್ದೆ, ಊರಿನ ಮಾನವನ್ನು ಟಿಕೆಟ್ಟಾಗಿ ಹರಿದು ಮಾರಿದವನು ಕೀಪರ್ಟ್. ಆ ಪಾತ್ರ ಮಾಡಿದ ಕುರ್ಟ್ ಗೆರೋನ್ ಯಹೂದಿ. 1944ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಸ್ ಎಂಬ ಸಾವಿನ ಶಿಬಿರದಲ್ಲಿ ಕೊಂದರು. ಯಾನಿಂಗ್ಸ್ ಆ ಹೊತ್ತಿಗೆ ನಾಜಿ ಆಡಳಿತದ ಪ್ರಚಾರ ಚಿತ್ರಗಳ ದೊಡ್ಡ ನಟ. ಇದು ಗೊತ್ತಾದ ಮೇಲೆ ಮೊಟ್ಟೆಯ ದೃಶ್ಯವನ್ನು ಮೊದಲಿನಂತೆ ನೋಡುವುದು ಕಷ್ಟ.

ಮೂಲ ಕಾದಂಬರಿ ಹೈನ್‌ರಿಖ್ ಮನ್‌ರದು, 1905ರದ್ದು. ಅದರಲ್ಲಿ ಮೇಷ್ಟ್ರು ಸೋತು ಕೂರುವುದಿಲ್ಲ, ಮನೆಯನ್ನೇ ಜೂಜಿನ ಅಡ್ಡೆ ಮಾಡಿ ಊರಿನ ದೊಡ್ಡ ಮನುಷ್ಯರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ. ಚಿತ್ರ ಆ ಸೇಡನ್ನು ಕೈಬಿಟ್ಟಿತು. ಸಮಾಜದ ಮೇಲಿದ್ದ ಬಾಣ ಒಬ್ಬ ಮನುಷ್ಯನ ಎದೆಗೆ ತಿರುಗಿತು. ಅದು ನಷ್ಟವೇ, ಒಪ್ಪೋಣ. ಇದೇ ಕಥೆಯ ನೆರಳಿನಲ್ಲಿ ವಿ. ಶಾಂತಾರಾಮ್ 1972ರಲ್ಲಿ ಮರಾಠಿಯ ‘ಪಿಂಜರಾ’ ತೆಗೆದಾಗ ಅಡ್ಡೆಯ ಜಾಗದಲ್ಲಿ ತಮಾಶಾ ತಂಡ ಬಂತು, ಊರಿಗೆ ಆದರ್ಶವಾಗಿದ್ದ ಗುರೂಜಿ ತನ್ನನ್ನೇ ಕೊಂದ ಆರೋಪ ಹೊರುವ ಹೊಸ ತಿರುವೂ ಬಂತು.

ಕೊನೆಯ ದೃಶ್ಯ. ಅರ್ಧರಾತ್ರಿ ಮೇಷ್ಟ್ರು ತಮ್ಮ ತರಗತಿಗೆ ಹೋಗಿ ಸೇರುತ್ತಾರೆ. ಕಾವಲುಗಾರನ ಟಾರ್ಚಿನ ಬೆಳಕಿಗೆ ಸಿಗುವುದು ಮೇಜಿನ ಮೇಲೆ ಒರಗಿದ ದೇಹ, ಮೇಜಿನ ಅಂಚನ್ನು ಕಚ್ಚಿ ಹಿಡಿದ ಕೈ. ಬಿಡಿಸಲು ನೋಡುತ್ತಾನೆ, ಬರುವುದಿಲ್ಲ. ಕ್ಯಾಮೆರಾ ಖಾಲಿ ಬೆಂಚುಗಳ ಮೇಲೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಲೋಲಾಳ ಸಹವಾಸಕ್ಕಾಗಿ ಕೆಲಸ ಹೋದ ದಿನ ಅದೇ ಮೇಜಿನ ಹಿಂದೆ ಒಬ್ಬರೇ ಕೂತಿದ್ದಾಗಲೂ ಅದು ಹೀಗೇ ಹಿಂದೆ ಸರಿದಿತ್ತು. ಹೊರಗೆ ಗಡಿಯಾರ ಹನ್ನೆರಡು ಬಡಿಯುತ್ತದೆ.