ಸಿಡ್ನಿ–ಸ್ಯಾಂಟಿಯಾಗೊ: ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಎಲ್ಲಿಂದ ಬಂತು?

ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ನಾನೇ ಲೆಕ್ಕ ಹಾಕಿ ನೋಡಬೇಕೆಂದು ಹೊರಟು ಮೂರು ವಾರವಾಯಿತು. ಆರಿಸಿಕೊಂಡದ್ದು ಸಿಡ್ನಿ ಮತ್ತು ಚಿಲಿಯ ಸ್ಯಾಂಟಿಯಾಗೊ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ: ಒಂದು 33.95 ಡಿಗ್ರಿ ದಕ್ಷಿಣ, ಇನ್ನೊಂದು 33.39. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ ಪೆಸಿಫಿಕ್ ಮೇಲೆ ಒಂದು ಅಡ್ಡಗೆರೆ, ಅಷ್ಟೆ. ಆ ಗೆರೆಯನ್ನೇ ಹಿಡಿದು ಪೂರ್ವಕ್ಕೆ ಹೋದರೆ ಸುಮಾರು 12,775 ಕಿ.ಮೀ. ಆಗುತ್ತದೆ.

ಮೊದಲ ವಾರ ಗ್ಲೋಬ್ ಮತ್ತು ದಾರ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ದಾರವನ್ನು ಬಿಗಿಯಾಗಿ ಎಳೆದ ಕೂಡಲೇ ಅದು ತಾನಾಗಿ ದಕ್ಷಿಣಕ್ಕೆ ಜಾರಿ ಅಂಟಾರ್ಕ್ಟಿಕಾದ ಕಡೆ ಬಾಗಿ ನಿಂತಿತು. ಅಳೆದರೆ 26.5 ಸೆಂ.ಮೀ., ಅಂದರೆ 11,250ರ ಆಸುಪಾಸು. ಗೋಲದ ಮೇಲಿನ ಅತಿ ಹತ್ತಿರದ ದಾರಿಯಾದ ಮಹಾವೃತ್ತದ ಬಗ್ಗೆ ಎಷ್ಟೋ ಓದಿದ್ದೆ, ಆದರೆ ಕೈಯಲ್ಲಿದ್ದ ದಾರವೇ ದಾರಿ ತೋರಿಸಿದ ಆ ಕ್ಷಣ ಮರೆಯಲಾರೆ.

ಆಮೇಲೆ ಹ್ಯಾವರ್ಸೈನ್ ಸೂತ್ರ: ಎರಡು ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ಗೋಲದ ಮೇಲಿನ ದೂರ ಹೇಳುವ ಲೆಕ್ಕ. ಮೊದಲ ಉತ್ತರ 7,225 ಕಿ.ಮೀ.! ಸ್ಯಾಂಟಿಯಾಗೊದ ರೇಖಾಂಶ 70.79 ಡಿಗ್ರಿ ಪಶ್ಚಿಮ. ಪಶ್ಚಿಮಕ್ಕೆ ಹಾಕಬೇಕಾದ ಮೈನಸ್ ಚಿಹ್ನೆ ಹಾಕಿರಲಿಲ್ಲ. ಹಾಗಾಗಿ ಊರು ಹಿಂದೂ ಮಹಾಸಾಗರದ ನಡುವೆ ಬಿದ್ದಿತ್ತು. ಸರಿಪಡಿಸಿದಾಗ 11,340. ದಾರಿಯ ತೀರಾ ದಕ್ಷಿಣದ ಬಿಂದು ಸುಮಾರು 62 ಡಿಗ್ರಿ.

ಈ ವಾರ ಭೂಮಿಯನ್ನು ಪೂರ್ಣ ಗೋಲ ಎಂದು ಭಾವಿಸುವುದನ್ನು ಬಿಟ್ಟೆ. ಜಿಪಿಎಸ್ ಬಳಸುವ, ಭೂಮಿಯನ್ನು ತುಸು ಚಪ್ಪಟೆ ಗೋಲವೆಂದು ಎಣಿಸುವ ಡಬ್ಲ್ಯುಜಿಎಸ್ 84 ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ 6,378.1 ಕಿ.ಮೀ., ಧ್ರುವದ್ದು 6,356.8. ನಮ್ಮ ದಾರಿ ಧ್ರುವದ ಕಡೆ ಬಾಗುವುದರಿಂದ ದೂರ ಕಡಿಮೆಯಾಗುತ್ತದೆ ಎಂದೇ ನಂಬಿದ್ದೆ. ಬಂದದ್ದು 11,363. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಜಾಸ್ತಿ!

ತಪ್ಪು ಎಲ್ಲಿದೆ ಎಂದು ಎರಡು ಸಂಜೆ ಹುಡುಕಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ನನ್ನ ಕಲ್ಪನೆಯಲ್ಲಿತ್ತು. ಭೂಮಿಯ ನಡುವಿನಿಂದ ಎಷ್ಟು ದೂರ ಎಂಬುದು ಇಲ್ಲಿ ಮುಖ್ಯವಲ್ಲ. ಮೇಲ್ಮೈ ಎಷ್ಟು ಬಾಗಿದೆ ಎಂಬುದು ಮುಖ್ಯ. ಧ್ರುವದ ಬಳಿ ಭೂಮಿ ಚಪ್ಪಟೆ, ಬಾಗು ಕಡಿಮೆ. ಅಂದರೆ ಅಲ್ಲಿನ ನೆಲ ಇನ್ನೂ ದೊಡ್ಡದೊಂದು ಗೋಲದ ತುಣುಕಿನಂತೆ. 62 ಡಿಗ್ರಿಯಲ್ಲಿ ಪೂರ್ವ–ಪಶ್ಚಿಮ ದಿಕ್ಕಿನ ವಕ್ರತಾ ತ್ರಿಜ್ಯ (ಅಂಥ ಗೋಲದ ತ್ರಿಜ್ಯ) ಸುಮಾರು 6,395 ಕಿ.ಮೀ., ಹ್ಯಾವರ್ಸೈನ್‌ಗೆ ನಾನು ಕೊಟ್ಟ ಸರಾಸರಿ ತ್ರಿಜ್ಯ 6,371ಕ್ಕಿಂತ ದೊಡ್ಡದು. ಒಂದು ಡಿಗ್ರಿ ಅಕ್ಷಾಂಶದ ಉದ್ದ ಸಮಭಾಜಕದ ಬಳಿ 110.6 ಕಿ.ಮೀ., ಧ್ರುವದ ಬಳಿ 111.7 ಇರುವುದೂ ಇದೇ ಕಾರಣಕ್ಕೆ. ಈ ಎರಡು ಅಂಕಿಗಳನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ, ಅರ್ಥವಾದದ್ದು ಈಗ.

ವಿಮಾನ ಹಾರುವ ದೂರ ಇದೇ ಎಂದಲ್ಲ. ಆ ಭಾಗದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಜೋರು. ಹೋಗುವಾಗ ಅದರ ನೆರವು, ಬರುವಾಗ ಅದರಿಂದ ತಪ್ಪಿಸಿಕೊಳ್ಳುವ ಪಾಡು. ಎರಡು ಎಂಜಿನ್‌ನ ವಿಮಾನವಾದರೆ ತುರ್ತಾಗಿ ಇಳಿಯಬಹುದಾದ ನಿಲ್ದಾಣದಿಂದ ಎಷ್ಟು ಹೊತ್ತಿನ ಹಾದಿಯಲ್ಲಿರಬೇಕೆಂಬ ನಿಯಮವೂ ಇದೆ. ಮುಂದಿನ ವಾರ ದಾರಿಯನ್ನು 500 ಕಿ.ಮೀ.ಗೊಂದು ಬಿಂದುವಾಗಿ ಒಡೆದು, ಪ್ರತಿ ಬಿಂದುವಿಗೂ ಹತ್ತಿರದ ನಿಲ್ದಾಣ ಯಾವುದೆಂದು ಗುರುತು ಹಾಕುತ್ತೇನೆ.